ಪಿಆರ್ ಇಂಟರ್ನ್‌ಶಿಪ್‌ಗೆ ಬೆಂಗಳೂರಿನ ಬಸ್ಸನ್ನೇ ಹತ್ತಬೇಕೆ?

ಪತ್ರಿಕೋದ್ಯಮ ಓದುವವರಿಗೆ ಇಂಟರ್ನ್‌ಶಿಪ್‌ಗೆ ಯಾವ ಬಾಗಿಲು ತಟ್ಟಬೇಕೆಂಬುದು ಗೊತ್ತಿರುತ್ತದೆ. ಪತ್ರಿಕಾ ಕಚೇರಿ, ವಾಹಿನಿ, ಆಕಾಶವಾಣಿ ಕಣ್ಣೆದುರೇ ಇವೆ. ಸಾರ್ವಜನಿಕ ಸಂಪರ್ಕವನ್ನು (ಪಬ್ಲಿಕ್ ರಿಲೇಷನ್ಸ್, ಚಿಕ್ಕದಾಗಿ ಪಿಆರ್) ಆರಿಸಿಕೊಂಡವರ ಪಾಡು ಬೇರೆ. ಹಾಸನದ ಬಿ.ಎಂ. ರಸ್ತೆಯ ಉದ್ದಕ್ಕೂ ನಡೆದರೂ ‘ಪಿಆರ್ ಏಜೆನ್ಸಿ’ ಎಂಬ ಫಲಕ ಕಣ್ಣಿಗೆ ಬೀಳುವುದು ಕಷ್ಟ. ಹೀಗಾಗಿ ತರಗತಿಗೆ ತರಗತಿಯೇ ಬೆಂಗಳೂರಿನ ಏಜೆನ್ಸಿಗಳಿಗೆ ಇಮೇಲ್ ಕಳಿಸಿ ಕಾಯುತ್ತದೆ. ಉತ್ತರ ಬಂದವರು ಪಿ.ಜಿ. ಬಾಡಿಗೆಯ ಲೆಕ್ಕ ಹಾಕುತ್ತಾರೆ. ಬಾರದವರು ಪರಿಚಯದವರ ಕಂಪ್ಯೂಟರ್ ಸೆಂಟರಿನಲ್ಲಿ ಪ್ರಮಾಣಪತ್ರ ಬರೆಸಿಕೊಳ್ಳುತ್ತಾರೆ.

ನಾನು ಮೊದಲು ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಆಮೇಲೆ ಬೆಂಗಳೂರಿನ ಒಂದು ಏಜೆನ್ಸಿಯಲ್ಲಿ ಇಂಟರ್ನ್ ಆಗಿದ್ದವಳು. ಎರಡನ್ನೂ ಕಂಡ ಮೇಲೆ ಹೇಳುವುದಾದರೆ, ಮೊದಲನೆಯದು ಊರಿನಲ್ಲೇ ಆಗಲಿ. ಜಿಲ್ಲಾ ಕೇಂದ್ರಗಳಲ್ಲಿ ಪಿಆರ್ ಹುದ್ದೆಗಳು ವಿರಳ, ಪಿಆರ್ ಕೆಲಸ ಮಾತ್ರ ಧಾರಾಳವಾಗಿದೆ. ಅದನ್ನು ಬೇರೆ ಹತ್ತು ಕೆಲಸಗಳ ನಡುವೆ ಯಾರೋ ಒಬ್ಬರು ಗೊಣಗಿಕೊಂಡು ಮಾಡುತ್ತಿರುತ್ತಾರೆ. ಅವರು ಯಾರೆಂದು ಪತ್ತೆ ಹಚ್ಚಿದರೆ ಅರ್ಧ ದಾರಿ ಸವೆದಂತೆ.

1. ಕಾಲೇಜಿನ ನಿಯಮ ಮೊದಲು

ಇಂಟರ್ನ್‌ಶಿಪ್ ಎಷ್ಟು ಗಂಟೆಯದು, ಎಷ್ಟು ಕ್ರೆಡಿಟ್, ದಿನಚರಿ ಪುಸ್ತಕಕ್ಕೆ ಯಾರ ಸಹಿ ಬೇಕು, ಖಾಸಗಿ ಸಂಸ್ಥೆಯಾದರೂ ನಡೆಯುತ್ತದೆಯೇ ಎಂಬುದನ್ನು ಪಠ್ಯಕ್ರಮದಲ್ಲೇ ಓದಿಕೊಳ್ಳಿ. ಹಿರಿಯ ವಿದ್ಯಾರ್ಥಿಗಳ ಬಾಯಿಮಾತನ್ನು ನಂಬಬೇಡಿ. ಪಠ್ಯಕ್ರಮ ಆಗಾಗ ಬದಲಾಗಿದೆ. ವಿಭಾಗದ ಮುಖ್ಯಸ್ಥರಿಂದ ಶಿಫಾರಸು ಪತ್ರ ಪಡೆಯುವಾಗ ಸಂಸ್ಥೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟ ನಾಲ್ಕಾರು ಪ್ರತಿ ಕೇಳಿ. ಕೊಡಲು ಒಪ್ಪದವರೂ ಇದ್ದಾರೆ. ಆಗ ಪ್ರತಿ ಸಂಸ್ಥೆಗೂ ಪ್ರತ್ಯೇಕ ಪತ್ರ ಬೇಕಾಗುವುದರಿಂದ ಪರೀಕ್ಷೆ ಹತ್ತಿರವಾಗುವ ಮುನ್ನವೇ ಓಡಾಡುವುದು ಒಳ್ಳೆಯದು.

ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಜಾಹೀರಾತು ನೋಡಿ ಆಸೆ ಪಡುವವರು ಬಹಳ. ತಿಂಗಳಿಗೆ ಇಷ್ಟು ಎಂದು ಭತ್ಯೆ ಸಿಗುವುದಾದರೆ ಯಾರಿಗೆ ಬೇಡ? ಆದರೆ 2024ರಲ್ಲಿ ಯೋಜನೆ ಆರಂಭವಾದಾಗ ಪ್ರಕಟವಾದ ನಿಯಮದಂತೆ ಅದು ಪೂರ್ಣಾವಧಿ ವಿದ್ಯಾರ್ಥಿಗಳಿಗಲ್ಲ, ಓದು ಮುಗಿಸಿ ಕೆಲಸವಿಲ್ಲದಿರುವ 21ರಿಂದ 24 ವರ್ಷದವರಿಗೆ.

2. ಸುದ್ದಿ ಕಳಿಸಿದವರು ಯಾರು?

ಸ್ಥಳೀಯ ಪತ್ರಿಕೆಗಳನ್ನೂ ರಾಜ್ಯಮಟ್ಟದ ಪತ್ರಿಕೆಗಳ ಹಾಸನ ಪುಟಗಳನ್ನೂ ಒಂದು ವಾರದ್ದು ಸೇರಿಸಿ ಮುಂದೆ ಹರಡಿಕೊಳ್ಳಿ. ವರದಿಗಾರರು ಹೋಗಿ ತಂದ ಸುದ್ದಿ ಯಾವುದು, ಯಾರೋ ಕಳಿಸಿಕೊಟ್ಟದ್ದು ಯಾವುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಿ. ‘ಪ್ರಕಟಣೆಯಲ್ಲಿ ತಿಳಿಸಿದ್ದಾರೆ’ ಎಂದು ಮುಗಿಯುವುದೆಲ್ಲ ಕಳಿಸಿದ್ದು. ದೀಪ ಬೆಳಗಿಸುವ ಚಿತ್ರ, ಒಂದೇ ವಾಕ್ಯ ಎರಡು ಪತ್ರಿಕೆಗಳಲ್ಲಿ ಅಕ್ಷರ ಬದಲಾಗದೆ ಬಂದಿರುವ ಸುದ್ದಿ, ಇವೂ ಅದೇ ಜಾತಿಗೆ ಸೇರಿದವು. ಕಳಿಸಿದ ಸಂಸ್ಥೆಗಳ ಹೆಸರನ್ನು ಬರೆದಿಟ್ಟುಕೊಂಡರೆ ನೀವು ಹುಡುಕುತ್ತಿದ್ದ ಪಟ್ಟಿ ಸಿದ್ಧವಾಯಿತು.

ಅದರಲ್ಲಿ ಮೊದಲು ನಿಲ್ಲುವುದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಜಿಲ್ಲಾ ಕಚೇರಿ. ಜಿಲ್ಲಾಡಳಿತದ ಪ್ರಕಟಣೆಗಳೆಲ್ಲ ಹೊರಡುವುದು ಅಲ್ಲಿಂದಲೇ. ಪರಿಶಿಷ್ಟ ಜಾತಿ ಮತ್ತು ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಭತ್ಯೆ ಸಹಿತ ತರಬೇತಿ ನೀಡಲು ಇಲಾಖೆ ಅರ್ಜಿ ಕರೆಯುವುದುಂಟು. ಓದು ಮುಗಿಸುತ್ತಿರುವವರು ಆ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು.

ಚುನಾವಣೆ ಬಂದರೆ ಜಿಲ್ಲಾ ಸ್ವೀಪ್ ಸಮಿತಿಗೆ ಮತದಾರರ ಜಾಗೃತಿಗಾಗಿ ಘೋಷವಾಕ್ಯ ಬರೆಯುವವರಿಂದ ಹಿಡಿದು ಜಾಥಾದ ಚಿತ್ರ ತೆಗೆಯುವವರವರೆಗೆ ಜನ ಬೇಕು. ಹಾಲು ಒಕ್ಕೂಟ, ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಕಾರೇಕೆರೆಯ ಕೃಷಿ ಕಾಲೇಜು ಇವೆಲ್ಲ ರೈತರಿಗೆ ಒಂದಲ್ಲ ಒಂದು ವಿಷಯ ಮುಟ್ಟಿಸುತ್ತಲೇ ಇರಬೇಕಾದ ಸಂಸ್ಥೆಗಳು. ಬೇಲೂರು, ಹಳೇಬೀಡುಗಳು 2023ರಲ್ಲಿ ಸೋಮನಾಥಪುರದೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪ್ರವಾಸಿಗರನ್ನು ನಂಬಿಕೊಂಡ ಹೋಟೆಲು, ಹೋಂಸ್ಟೇಗಳಿಗೆ ಹೇಳಿಕೊಳ್ಳಲು ಒಂದು ಹೊಸ ವಿಷಯ ಸಿಕ್ಕಿತು. ಸಕಲೇಶಪುರದ ಕಡೆಯ ಹೋಂಸ್ಟೇಗಳು ‘ಸಾಮಾಜಿಕ ಜಾಲತಾಣ ನೋಡಿಕೊಳ್ಳುವ ಹುಡುಗ’ನನ್ನು ಹುಡುಕುತ್ತಿರುತ್ತವೆ. ಹುಡುಗಿಯಾದರೂ ನಡೆಯುತ್ತದೆ ಎಂಬುದನ್ನು ನಾವೇ ಹೇಳಬೇಕಾಗುತ್ತದೆ, ಅಷ್ಟೆ.

3. ಪತ್ರದಲ್ಲಿ ಒಂದೇ ಕೆಲಸ ಕೇಳಿ

‘ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಲು ಅವಕಾಶ ಕಲ್ಪಿಸಬೇಕಾಗಿ ವಿನಂತಿ’ ಎಂಬ ಪತ್ರ ಓದಿದ ವ್ಯವಸ್ಥಾಪಕರಿಗೆ ತಲೆಗೆ ಹೊಳೆಯುವುದು ಒಂದೇ: ಈ ಹುಡುಗಿಯನ್ನು ಎಲ್ಲಿ ಕೂರಿಸುವುದು, ಏನು ಕೆಲಸ ಕೊಡುವುದು? ಆ ಚಿಂತೆಯನ್ನು ಅವರ ತಲೆಗೆ ಹಚ್ಚಬೇಡಿ. ಏನು ಮಾಡಿಕೊಡುತ್ತೀರಿ ಎಂದು ನೀವೇ ಬರೆಯಿರಿ. ನಾನು ಆಸ್ಪತ್ರೆಗೆ ಬರೆದ ಪತ್ರದ ಮುಖ್ಯ ಭಾಗ ಹೀಗಿತ್ತು:

“ತಮ್ಮ ಆಸ್ಪತ್ರೆಯ ಉಚಿತ ತಪಾಸಣಾ ಶಿಬಿರಗಳ ಸುದ್ದಿ ಪತ್ರಿಕೆಗಳಲ್ಲಿ ಶಿಬಿರ ಮುಗಿದ ಮೇಲೆ ಬರುತ್ತಿದೆ. ಶಿಬಿರಕ್ಕೆ ಮೊದಲೇ ಸುತ್ತಲಿನ ಹಳ್ಳಿಗಳಿಗೆ ವಿಷಯ ತಿಳಿಯುವಂತೆ ಪ್ರಕಟಣೆ, ಕರಪತ್ರ ಹಾಗೂ ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಿದ್ಧಪಡಿಸಿಕೊಡುತ್ತೇನೆ. ಮಾದರಿಯೊಂದನ್ನು ಲಗತ್ತಿಸಿದ್ದೇನೆ.”

ಸ್ವವಿವರದಲ್ಲಿ ಹತ್ತನೇ ತರಗತಿಯ ಅಂಕಕ್ಕಿಂತ ಲಗತ್ತಿಸಿದ ಆ ಮಾದರಿಯೇ ನನ್ನ ಪರವಾಗಿ ಮಾತನಾಡಿತು. ಈಗಾಗಲೇ ಪತ್ರಿಕೆಯಲ್ಲಿ ಬಂದ ಅವರದೇ ಪ್ರಕಟಣೆಯನ್ನು ತಿದ್ದಿ ಬರೆದು ತೋರಿಸಬಹುದು. ತಿದ್ದಿದ್ದು ಎಂದು ಮಾತ್ರ ಹೇಳಬೇಡಿ. ಮೂಲವನ್ನು ಬರೆದವರು ಎದುರಿಗೇ ಕೂತಿರುತ್ತಾರೆ.

ಸರ್ಕಾರಿ ಕಚೇರಿಯಾದರೆ ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ಸಲ ಹೋದಾಗ ‘ಪತ್ರ ಎಲ್ಲಿದೆ’ ಎಂಬ ಪ್ರಶ್ನೆಗೆ ಆ ಮುದ್ರೆಯೂ ಸಂಖ್ಯೆಯೂ ಉತ್ತರ. ಖಾಸಗಿ ಸಂಸ್ಥೆಗಳಲ್ಲಿ ಇಮೇಲ್ ಕಳಿಸಿದ್ದೇನೆಂದು ಸುಮ್ಮನಿರಬೇಡಿ. ಆಡಳಿತಾಧಿಕಾರಿ ಬಿಡುವಾಗುವ ಹೊತ್ತು ಯಾವುದೆಂದು ಸ್ವಾಗತ ಕೌಂಟರಿನಲ್ಲಿ ಕೇಳಿಕೊಂಡು ಹೋಗಿ. ಆಸ್ಪತ್ರೆಗಳಲ್ಲಿ ಬೆಳಗಿನ ಹೊರರೋಗಿಗಳ ನೂಕುನುಗ್ಗಲು ಮುಗಿಯುವವರೆಗೆ ಯಾರೂ ನಿಮ್ಮ ಮುಖ ನೋಡುವುದಿಲ್ಲ.

ಪ್ರಮಾಣಪತ್ರಕ್ಕೆ ‘ನೋಂದಣಿ ಶುಲ್ಕ’ ಕೇಳುವ ಆನ್‌ಲೈನ್ ಇಂಟರ್ನ್‌ಶಿಪ್‌ಗಳ ವಿಷಯದಲ್ಲಿ ಒಂದೇ ಮಾತು: ಬೇಡ.

4. ಪ್ರಕಟಣೆ ಬರೆಯುವಾಗ

ಕೆಲಸ ಕಲಿಯುವುದು ಇಲ್ಲಿ. ಶಿಬಿರವೊಂದರ ಪ್ರಕಟಣೆಗೆ ನನಗೆ ಕೊಟ್ಟ ಹಳೆಯ ಮಾದರಿ ಹೀಗೆ ಶುರುವಾಗುತ್ತಿತ್ತು: “ನಗರದ ಪ್ರತಿಷ್ಠಿತ ಆಸ್ಪತ್ರೆಯ ವತಿಯಿಂದ ಸಮಾಜಮುಖಿ ಕಾರ್ಯಗಳ ಅಂಗವಾಗಿ ಮಾನ್ಯ ಅಧ್ಯಕ್ಷರ ಘನ ಉಪಸ್ಥಿತಿಯಲ್ಲಿ ಬೃಹತ್ ಉಚಿತ ಕಣ್ಣಿನ ತಪಾಸಣಾ ಶಿಬಿರವನ್ನು ಅದ್ದೂರಿಯಾಗಿ ಹಮ್ಮಿಕೊಳ್ಳಲಾಗಿದೆ.” ಅದ್ದೂರಿಯಾಗಿ ಕಣ್ಣು ಪರೀಕ್ಷಿಸುವುದು ಹೇಗೆ ಎಂಬುದನ್ನು ಬರೆದವರೇ ಹೇಳಬೇಕು.

ತಿದ್ದಿದ ಮೇಲೆ: “ಆಲೂರು: ಪಟ್ಟಣದ ಸರ್ಕಾರಿ ಶಾಲೆಯಲ್ಲಿ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಉಚಿತವಾಗಿ ಕಣ್ಣು ಪರೀಕ್ಷೆ ಮಾಡಲಾಗುವುದು. ಪೊರೆ ಶಸ್ತ್ರಚಿಕಿತ್ಸೆ ಬೇಕಾದವರಿಗೆ ಅಲ್ಲಿಯೇ ದಿನ ಗೊತ್ತುಮಾಡಲಾಗುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ತರಬೇಕು.”

ಹಳ್ಳಿಯಿಂದ ತಾಯಿಯನ್ನು ಕರೆತರುವ ಮಗನಿಗೆ ಬೇಕಾದದ್ದು ಇಷ್ಟೇ. ಆದರೆ ಅಧ್ಯಕ್ಷರ ಹೆಸರು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬಂದೇ ಬರುತ್ತದೆ. ವಾದಕ್ಕೆ ನಿಲ್ಲಬೇಡಿ. ಮೂರನೆಯ ಪ್ಯಾರಾದಲ್ಲಿ ಅವರ ಒಂದು ಮಾತನ್ನು ಹಾಕಿ, ಶಿಬಿರದ ದಿನ ಅವರು ರೋಗಿಯೊಬ್ಬರ ಜೊತೆ ಮಾತನಾಡುತ್ತಿರುವ ಚಿತ್ರ ತೆಗೆದುಕೊಡುವುದಾಗಿ ಹೇಳಿ. ಸುದ್ದಿಮನೆಯಲ್ಲಿ ಜಾಗ ಸಾಲದಿದ್ದರೆ ಉಪಸಂಪಾದಕರು ಕತ್ತರಿಸುವುದು ಕೆಳಗಿನಿಂದ. ಹೀಗಾಗಿ ಸ್ಥಳ, ಸಮಯಗಳು ಮೇಲೆ ಕೂತಿದ್ದರೆ ಉಳಿದುಕೊಳ್ಳುತ್ತವೆ.

ಇನ್ನು ಕಳಿಸುವ ವಿಧಾನ. ಕನ್ನಡದ ಪ್ರಕಟಣೆಯನ್ನು ಪಿಡಿಎಫ್ ಮಾಡಿ ಕಳಿಸಿದರೆ ಅದನ್ನು ನಕಲು ಮಾಡಿದಾಗ ಒತ್ತಕ್ಷರಗಳು ದಿಕ್ಕಾಪಾಲಾಗುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದು ಮೊಬೈಲಿನಲ್ಲಿ ಅರ್ಥವಾಗದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದು ಇಮೇಲ್‌ನ ಒಳಗೇ, ವಾಟ್ಸ್‌ಆ್ಯಪ್‌ನಲ್ಲಾದರೆ ಸಂದೇಶವಾಗಿಯೇ ಹಾಕಿ. ಚಿತ್ರವನ್ನು ವಾಟ್ಸ್‌ಆ್ಯಪ್ ಕುಗ್ಗಿಸಿಬಿಡುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ. ಚಿತ್ರದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ, ಇನಿಷಿಯಲ್ ಸಹಿತ, ಆಯಾ ವ್ಯಕ್ತಿಯನ್ನೇ ಕೇಳಿ ಬರೆದುಕೊಳ್ಳಿ. ರೋಗಿಗಳು ಚಿತ್ರದಲ್ಲಿದ್ದರೆ ಅವರ ಲಿಖಿತ ಒಪ್ಪಿಗೆ ಬೇಕು. ಮಕ್ಕಳಾದರೆ ಪೋಷಕರದು.

ಜಿಲ್ಲಾ ಪುಟಗಳು ಸಂಜೆಯ ಹೊತ್ತಿಗೆ ಕಟ್ಟಿ ಮುಗಿಯಲು ಬರುತ್ತವೆ. ಆ ಹೊತ್ತಿನಲ್ಲಿ ‘ಸಾರ್, ನಮ್ಮ ಸುದ್ದಿ ಬರುತ್ತದೆಯೇ’ ಎಂದು ಕರೆ ಮಾಡಿದ ಇಂಟರ್ನ್‌ನ ಸಂಖ್ಯೆಯನ್ನು ವರದಿಗಾರರು ಮುಂದೆ ನೋಡಿಯೂ ನೋಡದಂತೆ ಇರುತ್ತಾರೆ. ಮಧ್ಯಾಹ್ನದೊಳಗೆ ಕಳಿಸಿ ಸುಮ್ಮನಾಗಿ.

5. ಆಹ್ವಾನ ಪತ್ರಿಕೆ ಎಂಬ ಪರೀಕ್ಷೆ

ಪಠ್ಯಪುಸ್ತಕದಲ್ಲಿ ಈ ಅಧ್ಯಾಯವೇ ಇಲ್ಲ, ಆದರೆ ಜಿಲ್ಲೆಯಲ್ಲಿ ಪಿಆರ್ ಮಾಡುವವರ ಎದೆ ಹೆಚ್ಚು ಬಡಿದುಕೊಳ್ಳುವುದು ಇದಕ್ಕೇ. ಸರ್ಕಾರಿ ಕಾರ್ಯಕ್ರಮವಾದರೆ ಉದ್ಘಾಟಕರು ಯಾರು, ಅಧ್ಯಕ್ಷತೆ ಆ ಕ್ಷೇತ್ರದ ಶಾಸಕರದೇ, ಸಂಸದರ ಹೆಸರು ಎಷ್ಟನೆಯದು, ವಿಧಾನ ಪರಿಷತ್ ಸದಸ್ಯರು ಬಿಟ್ಟುಹೋಗಿಲ್ಲವಷ್ಟೆ ಎಂಬುದೆಲ್ಲ ಶಿಷ್ಟಾಚಾರದ ಪ್ರಕಾರವೇ ಆಗಬೇಕು. ಜಿಲ್ಲಾಧಿಕಾರಿ ಕಚೇರಿಯ ಶಿಷ್ಟಾಚಾರ ಶಾಖೆಯವರಿಗೆ ಕರಡು ತೋರಿಸಿದ ಮೇಲೆಯೇ ಮುದ್ರಣಕ್ಕೆ ಕಳಿಸಿ. ಖಾಸಗಿ ಸಂಸ್ಥೆಗೆ ಈ ಕಟ್ಟುಪಾಡು ಇಲ್ಲ. ಆದರೆ ಹಾಸನದ ರಾಜಕೀಯ ಬಲ್ಲವರು ಯಾರ ಹೆಸರಿನ ಪಕ್ಕ ಯಾರ ಹೆಸರು ಎಂಬುದನ್ನು ಎರಡು ಸಲ ಯೋಚಿಸುತ್ತಾರೆ. ಹೆಸರುಗಳ ಕಾಗುಣಿತವನ್ನು ಅಚ್ಚಿನ ಕರಡಿನಲ್ಲಿ ಕೊನೆಯಿಂದ ಮೊದಲಿಗೆ ಓದಿದರೆ ತಪ್ಪು ಬೇಗ ಕಾಣುತ್ತದೆ.

6. ಹಾಸನಾಂಬೆಯ ದಿನಗಳನ್ನು ಬಿಡಬೇಡಿ

ಆಶ್ವಯುಜ ಮಾಸದ ಹುಣ್ಣಿಮೆ ಕಳೆದು ಬರುವ ಗುರುವಾರ ಹಾಸನಾಂಬ ದೇವಾಲಯದ ಬಾಗಿಲು ತೆರೆದರೆ ಬಲಿಪಾಡ್ಯಮಿಯ ಸುತ್ತಮುತ್ತ ಮತ್ತೆ ಮುಚ್ಚುತ್ತದೆ. ವರ್ಷದಲ್ಲಿ ಆ ಕೆಲವೇ ದಿನ ಲಕ್ಷಾಂತರ ಜನ ಒಂದೇ ಊರಿಗೆ ನುಗ್ಗುತ್ತಾರೆ. ಆಗ ಸ್ವಯಂಸೇವಕರಾಗಿ ಮಾಹಿತಿ ಕೇಂದ್ರದ ಹತ್ತಿರ ನಿಲ್ಲುವ ಅವಕಾಶ ಸಿಕ್ಕರೆ ಕಾಲೇಜಿನ ದಿನಚರಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲದಿದ್ದರೂ ಹೋಗಿ.

ಜನ ಕೇಳುವ ಪ್ರಶ್ನೆಗಳು ಮೂರೋ ನಾಲ್ಕೋ. ಧರ್ಮದರ್ಶನದ ಸಾಲಿಗೆ ಈಗ ಎಷ್ಟು ಹೊತ್ತು ಹಿಡಿಯುತ್ತದೆ? ಟಿಕೆಟಿನ ಸಾಲು ಎಲ್ಲಿಂದ ಶುರು? ನೈವೇದ್ಯಕ್ಕೆ ಬಾಗಿಲು ಹಾಕುವುದು ಯಾವಾಗ? ಬಸ್ಸು ಎಲ್ಲಿ ನಿಲ್ಲುತ್ತದೆ? ಉತ್ತರ ಮಾತ್ರ ಗಂಟೆಗೊಮ್ಮೆ ಬದಲಾಗುತ್ತದೆ. ಬೆಳಿಗ್ಗೆ ಬರೆದು ಅಂಟಿಸಿದ ಫಲಕ ಮಧ್ಯಾಹ್ನಕ್ಕೆ ಸುಳ್ಳಾಗಿರುತ್ತದೆ. ಗಂಟೆಗಟ್ಟಲೆ ನಿಂತವರಿಗೆ ಸಾಲು ಉದ್ದವಿರುವುದಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಆ ಫಲಕ. ಸಂದೇಶದ ಕೆಳಗೆ ಯಾವ ಹೊತ್ತಿನ ಮಾಹಿತಿ ಎಂದು ನಮೂದಿಸುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದ.

ಇಂಥ ಬರವಣಿಗೆಗೆ ಇನ್ನೂ ಬಿಗಿಯಾದ ಮಾದರಿ ಬೇಕಿದ್ದರೆ ಸಕಲೇಶಪುರ, ಆಲೂರು, ಬೇಲೂರು ಭಾಗದ ತೋಟಗಳವರ ಮೊಬೈಲಿಗೆ ಬರುವ ಕಾಡಾನೆ ಸಂಚಾರದ ಸಂದೇಶಗಳನ್ನು ಓದಿ. ಯಾವ ಊರು, ಯಾವ ತೋಟದ ಕಡೆ, ಎಷ್ಟು ಆನೆ, ಎಷ್ಟು ಹೊತ್ತಿಗೆ. ಕೆಲಸಕ್ಕೆ ಹೊರಟ ಕೂಲಿಯವರು ಮನೆಯಲ್ಲೇ ನಿಲ್ಲಬೇಕೇ ಎಂಬುದು ಅದರಿಂದ ತೀರ್ಮಾನವಾಗುತ್ತದೆ. ಅಲ್ಲಿ ‘ಮಾನ್ಯ’ರಿಗೆ ಜಾಗವಿಲ್ಲ.

7. ಬೆಂಗಳೂರಿನದು ಎರಡನೆಯದಾಗಿ

ಊರಿನ ಕೆಲಸದ ಕಡತ ಕೈಯಲ್ಲಿದ್ದರೆ ಏಜೆನ್ಸಿಯ ಬಾಗಿಲು ಸುಲಭವಾಗಿ ತೆರೆಯುತ್ತದೆ. ಕನ್ನಡದಲ್ಲಿ ನೇರವಾಗಿ ಬರೆಯಬಲ್ಲವರು ಅಲ್ಲಿ ಹೆಚ್ಚಿಲ್ಲ. ಇಂಗ್ಲಿಷ್ ಪ್ರಕಟಣೆಯನ್ನು ಯಂತ್ರಾನುವಾದಕ್ಕೆ ಹಾಕಿ ಕಳಿಸುವುದನ್ನು ಕಂಡಿದ್ದೇನೆ. ಅಲ್ಲಿ ನಿಮಗೆ ಸಿಗುವ ಕೆಲಸದಲ್ಲಿ ದೊಡ್ಡ ಪಾಲು ಬೆಳಗಿನ ಪತ್ರಿಕೆಗಳಲ್ಲಿ ಗ್ರಾಹಕ ಸಂಸ್ಥೆಯ ಹೆಸರು ಹುಡುಕುವುದು, ಪತ್ರಕರ್ತರ ಪಟ್ಟಿ ನವೀಕರಿಸುವುದು, ತಿಂಗಳ ಕೊನೆಗೆ ವರದಿ ತಯಾರಿಸುವುದು. ಸುದ್ದಿ ಹಿಡಿದ ಜಾಗವನ್ನು ಚದರ ಸೆಂಟಿಮೀಟರಿನಲ್ಲಿ ಅಳೆದು ಜಾಹೀರಾತಿನ ದರದಿಂದ ಗುಣಿಸಿ ‘ಇಷ್ಟು ಲಕ್ಷ ರೂಪಾಯಿ ಮೌಲ್ಯದ ಪ್ರಚಾರ’ ಎಂದು ತೋರಿಸುವ ಲೆಕ್ಕವನ್ನು ನಿಮಗೂ ಹೇಳಿಕೊಡುತ್ತಾರೆ. ಆ ಲೆಕ್ಕ ಸರಿಯಲ್ಲವೆಂದು ಈ ವೃತ್ತಿಯ ಅಂತರರಾಷ್ಟ್ರೀಯ ಸಂಘಟನೆಗಳು 2010ರಲ್ಲೇ ಬಾರ್ಸಿಲೋನಾದಲ್ಲಿ ಒಪ್ಪಿಕೊಂಡಿವೆ. ಎಕ್ಸೆಲ್ ಹಾಳೆಯಲ್ಲಿ ಆ ಕಾಲಂ ಮಾತ್ರ ಗಟ್ಟಿಯಾಗಿ ಕೂತಿದೆ. ಕಲಿತುಕೊಳ್ಳಿ, ನಂಬಬೇಡಿ.

ಭತ್ಯೆ ಎಷ್ಟು ಎಂದು ಸೇರುವ ಮೊದಲೇ ಇಮೇಲ್‌ನಲ್ಲಿ ಕೇಳಿ. ಕೇಳುವುದರಲ್ಲಿ ಸಂಕೋಚವೇನಿಲ್ಲ. ಭತ್ಯೆಯಿಲ್ಲ ಎಂದರೆ ವಾರಕ್ಕೆ ಕೆಲವು ದಿನವಾದರೂ ಮನೆಯಿಂದ ಕೆಲಸ ಮಾಡಬಹುದೇ ಎಂದು ವಿಚಾರಿಸಿ.

8. ಹೊರಡುವ ಮುನ್ನ

ನೀವು ಬರೆದ ಪ್ರಕಟಣೆ, ಅದು ಅಚ್ಚಾದ ತುಣುಕು, ದಿನಾಂಕ ಮೂರನ್ನೂ ಒಂದೇ ಹಾಳೆಯಲ್ಲಿ ಅಂಟಿಸಿ ಇಟ್ಟುಕೊಳ್ಳಿ. ಸಂಸ್ಥೆಯ ಒಳಗಿನ ಕಾಗದಗಳನ್ನು, ರೋಗಿಗಳ ವಿವರವಿರುವ ಯಾವುದನ್ನೂ ತರಬೇಡಿ. ಪ್ರಮಾಣಪತ್ರದಲ್ಲಿ ಆರಂಭ ಮತ್ತು ಮುಕ್ತಾಯದ ದಿನಾಂಕ, ಒಟ್ಟು ಗಂಟೆ, ಮಾಡಿದ ಕೆಲಸದ ವಿವರ ಇರಲೇಬೇಕು. ‘ಅವರ ನಡತೆ ಉತ್ತಮವಾಗಿತ್ತು’ ಎಂಬ ಒಂದೇ ಸಾಲನ್ನು ಬಹಳಷ್ಟು ವಿಭಾಗಗಳು ಹಿಂದಿರುಗಿಸುತ್ತವೆ. ಕರಡನ್ನು ನೀವೇ ಟೈಪ್ ಮಾಡಿಕೊಂಡು ಕೊನೆಯ ದಿನಕ್ಕೆ ಮುಂಚೆಯೇ ಕೊಟ್ಟಿರಿ. ಸಹಿ ಹಾಕಬೇಕಾದವರು ರಜೆಯ ಮೇಲೆ ಹೋಗಬಹುದು, ಸರ್ಕಾರಿ ಕಚೇರಿಯಾದರೆ ವರ್ಗವಾಗಿಯೇ ಹೋಗಬಹುದು. ಕರಡು ಕೈಗೆ ಸಿಕ್ಕರೆ ಬಹುತೇಕರು ಒಂದೆರಡು ಪದ ತಿದ್ದಿ, ಲೆಟರ್‌ಹೆಡ್‌ನಲ್ಲಿ ತೆಗೆಸಿ, ಅಂದೇ ಸಹಿ ಮಾಡಿಕೊಡುತ್ತಾರೆ.