ಕ್ಯಾಪಿಟಲ್ ಲೆಟರ್ ಎಲ್ಲಿ ಬೇಕು, ಎಲ್ಲಿ ಬೇಡ?

ಕನ್ನಡ ಅಕ್ಷರಗಳಲ್ಲಿ ಕ್ಯಾಪಿಟಲ್, ಸ್ಮಾಲ್ ಅನ್ನುವ ಭೇದವಿಲ್ಲ. ಹಾಗಾಗಿ ಇಂಗ್ಲಿಷ್ ಬರೆಯಲು ಕೂತಾಗ ಹಲವರಿಗೆ ಇಲ್ಲಿ ಅನುಮಾನ. ಬೇಕಾದ ಕಡೆ ಕ್ಯಾಪಿಟಲ್ ಬಿಟ್ಟುಹೋಗುವುದುಂಟು. ಆದರೆ ಬೇಡದ ಕಡೆ ಬಂದು ಕೂರುವುದೇ ಜಾಸ್ತಿ. ಬರೆಯುವಾಗ ಈ ಕ್ರಮದಲ್ಲಿ ನೋಡಿಕೊಳ್ಳಿ.

ಮೊದಲು ವಾಕ್ಯದ ಆರಂಭ. ಫುಲ್‌ಸ್ಟಾಪ್ ಅಥವಾ ಪ್ರಶ್ನೆ ಚಿಹ್ನೆ ಆದಮೇಲೆ ಹೊಸ ವಾಕ್ಯ ಶುರುವಾದರೆ ಕ್ಯಾಪಿಟಲ್. ಕಾಮಾ ಆದಮೇಲೆ ಸುಮ್ನೆ ಹಾಕಬಾರದು. ಆದರೆ ಯಾರೋ ಆಡಿದ ಪೂರ್ತಿ ವಾಕ್ಯವನ್ನು ಕೋಟ್ ಒಳಗೆ ಕೊಡುವಾಗ ಅದರ ಮೊದಲ ಅಕ್ಷರ ಕ್ಯಾಪಿಟಲ್.

ಎರಡನೆಯದು ‘ನಾನು’ ಎನ್ನುವ ‘ಐ’. ವಾಕ್ಯದ ನಡುವೆ ಬಂದರೂ ಕ್ಯಾಪಿಟಲ್ಲೇ. ಅದರ ಜೊತೆಯ ‘ಮಿ’, ‘ಮೈ’ಗೆ ಈ ನಿಯಮವಿಲ್ಲ.

ಮೂರನೆಯದು ಹೆಸರು. ನಿಜವಾದ ಕಷ್ಟ ಇರುವುದೇ ಇಲ್ಲಿ. ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪದ ಇದೊಂದರದೇ ಹೆಸರೋ, ಇಂಥದ್ದಕ್ಕೆಲ್ಲ ಹೇಳುವ ಪದವೋ? ‘ರಿವರ್’ ಅಂದರೆ ಯಾವ ನದಿಯಾದರೂ ಆಗಬಹುದು, ಆರ್ ಸ್ಮಾಲ್. ‘ಅಮೆಜಾನ್ ರಿವರ್’ ಅಂದಾಗ ಅದು ಹೆಸರಿನ ಭಾಗ, ಆರ್ ಕ್ಯಾಪಿಟಲ್. ‘ಪ್ರೆಸಿಡೆಂಟ್ ಲಿಂಕನ್’ ಎಂದು ಹೆಸರಿಗೆ ಅಂಟಿದ ಪದವಿಗೆ ಕ್ಯಾಪಿಟಲ್ ಬೇಕು. ‘ಲಿಂಕನ್ ವಾಸ್ ಎ ಪ್ರೆಸಿಡೆಂಟ್’ ಎಂದಾಗ ಬೇಡ.

ಮನೆಯವರ ವಿಷಯದಲ್ಲೂ ಹೀಗೇ. ‘ಮೈ ಮದರ್ ಸ್ಪೀಕ್ಸ್ ಇಂಗ್ಲಿಷ್’ ಎಂಬ ವಾಕ್ಯವನ್ನೇ ನೋಡಿ. ಶುರುವಿನ ಎಮ್ ಕ್ಯಾಪಿಟಲ್. ‘ಇಂಗ್ಲಿಷ್’ ಭಾಷೆಯ ಹೆಸರು, ಅದರ ಇ ಕೂಡ ಕ್ಯಾಪಿಟಲ್. ‘ಮದರ್’ ಹಿಂದೆ ‘ಮೈ’ ಇದೆ, ಅದು ಸ್ಮಾಲ್. ಅದೇ ‘ಥ್ಯಾಂಕ್ ಯೂ, ಮದರ್’ ಎಂದು ಕರೆದರೆ ಆ ಪದ ಹೆಸರಿನ ಜಾಗದಲ್ಲಿ ನಿಂತಿದೆ. ಆಗ ಕ್ಯಾಪಿಟಲ್.

ವಾರ, ತಿಂಗಳು, ದೇಶ, ಭಾಷೆ ಎಲ್ಲಕ್ಕೂ ಕ್ಯಾಪಿಟಲ್. ‘ಸಮ್ಮರ್’, ‘ವಿಂಟರ್’ಗೆ ಬೇಡ. ಶಾಲೆಯ ವಿಷಯಗಳಲ್ಲಿ ‘ಹಿಸ್ಟರಿ’ ಸ್ಮಾಲ್, ‘ಇಂಗ್ಲಿಷ್’ ಕ್ಯಾಪಿಟಲ್. ದಿಕ್ಕು ಸ್ಮಾಲ್, ಆದರೆ ‘ನಾರ್ತ್ ಅಮೆರಿಕ’ದ ಎನ್ ಕ್ಯಾಪಿಟಲ್. ಕೆಲವು ಕಡೆ ಅರ್ಥವೇ ಬದಲಾಗುತ್ತದೆ. ಎಮ್ ಕ್ಯಾಪಿಟಲ್ ಆದರೆ ‘ಮಾರ್ಚ್’ ತಿಂಗಳು. ಸ್ಮಾಲ್ ಆದರೆ ಹೆಜ್ಜೆ ಹಾಕಿ ನಡೆಯುವುದು.

ಇನ್ನು ಗೌರವದ ವಿಷಯ. ರಜೆ ಅರ್ಜಿಯಲ್ಲಿ ‘ಲೀವ್’, ‘ಟೀಚರ್’, ‘ಫೀವರ್’ ಎಲ್ಲಕ್ಕೂ ಕ್ಯಾಪಿಟಲ್ ಹಾಕುವವರಿದ್ದಾರೆ. ಮುಖ್ಯವಾದ ಪದ ಅಲ್ವಾ ಅನ್ನುವ ಭಾವನೆ. ಇಂದಿನ ಇಂಗ್ಲಿಷ್‌ನಲ್ಲಿ ಒಂದು ಪದ ಮುಖ್ಯ ಅನ್ನುವುದಕ್ಕೋ ಗೌರವಕ್ಕೋ ಹೀಗೆ ಕ್ಯಾಪಿಟಲ್ ಹಾಕುವುದಿಲ್ಲ. ಹಿಂದೆ ಸಾಮಾನ್ಯ ನಾಮಪದಗಳಿಗೂ ಹಾಕುವ ರೂಢಿ ಇತ್ತು. 1787ರಲ್ಲಿ ಬರೆದ ಅಮೆರಿಕದ ಸಂವಿಧಾನದ ಮೂಲ ಪ್ರತಿಯಲ್ಲಿ ಅದನ್ನು ಕಾಣಬಹುದು. ಜರ್ಮನ್ ಭಾಷೆಯಲ್ಲಿ ಆ ರೂಢಿ ಈಗಲೂ ಉಳಿದಿದೆ. ಇಂಗ್ಲಿಷ್ ಅದನ್ನು ಬಿಟ್ಟು ಬಹಳ ಕಾಲವಾಯಿತು.

ಶೀರ್ಷಿಕೆಗೆ ಎರಡು ಪದ್ಧತಿಗಳಿವೆ. ಮುಖ್ಯ ಪದಗಳಿಗೆಲ್ಲ ಕ್ಯಾಪಿಟಲ್ ಹಾಕಿ ನಡುವಿನ ‘ದಿ’, ‘ಆಫ್’, ‘ಅಂಡ್’ ಬಿಡುವುದು ಒಂದು. ಮಾಮೂಲಿ ವಾಕ್ಯದ ಹಾಗೇ ಬರೆಯುವುದು ಇನ್ನೊಂದು. ಯಾವುದನ್ನು ಹಿಡಿದರೂ ಕೊನೆತನಕ ಅದನ್ನೇ ಹಿಡಿಯಿರಿ. ಇಡೀ ಪ್ಯಾರಾವನ್ನು ಕ್ಯಾಪಿಟಲ್‌ನಲ್ಲಿ ಬರೆಯುವುದಂತೂ ಬೇಡವೇ ಬೇಡ. ಓದುವವರಿಗೆ ಕಿರುಚಿದಂತೆ ಕೇಳುತ್ತದೆ.

ಬರೆದು ಮುಗಿದ ಮೇಲೆ ಕ್ಯಾಪಿಟಲ್‌ಗಳನ್ನಷ್ಟೇ ನೋಡುತ್ತಾ ಇನ್ನೊಮ್ಮೆ ಓದಿ. ವಾಕ್ಯದ ನಡುವೆ ಒಂದು ಸಿಕ್ಕರೆ ಅದು ಯಾರ ಹೆಸರು, ಯಾವುದರ ಹೆಸರು ಎಂದು ಕೇಳಿಕೊಳ್ಳಿ. ಅದು ಹೆಸರೂ ಅಲ್ಲ, ‘ಐ’ ಕೂಡ ಅಲ್ಲ, ಕೋಟ್‌ನ ಶುರುವೂ ಅಲ್ಲ ಎಂದಾದರೆ ಸ್ಮಾಲ್ ಮಾಡಿಬಿಡಿ.