ಮನೆಯಲ್ಲಿ ಆಶೀರ್ವಾದದ ಮಾತನ್ನು ಆಡುವುದು ಹೇಗೆ

ಭಾನುವಾರದ ಆರಾಧನೆಯ ಕೊನೆಯಲ್ಲಿ ಸಭಾಪಾಲಕರು ಕೈಯೆತ್ತಿ ಆಶೀರ್ವಾದವನ್ನು ನುಡಿಯುವಾಗ ನಾವು ತಲೆಬಾಗಿ ನಿಲ್ಲುತ್ತೇವೆ. ಆದರೆ ಮನೆಗೆ ಬಂದು ಮಗಳ ತಲೆಯ ಮೇಲೆ ಕೈಯಿಟ್ಟು ಅಂಥದೇ ಮಾತನ್ನು ಹೇಳಲು ನಮ್ಮಲ್ಲಿ ಅನೇಕರಿಗೆ ಬಾಯಿ ಬರುವುದಿಲ್ಲ. ಅದು ಸಭಾಪಾಲಕರ ಕೆಲಸವೆಂದು ಬಿಟ್ಟುಬಿಟ್ಟಿದ್ದೇವೆ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಹಾಗಿಲ್ಲ. ಬೆತ್ಲೆಹೇಮಿನ ಹೊಲದಲ್ಲಿ ಬೋವಜನು ಕೊಯ್ಯುವವರಿಗೆ ಯೆಹೋವನು ನಿಮ್ಮ ಸಂಗಡ ಇರಲಿ ಎನ್ನುತ್ತಾನೆ. ಅವರು ಯೆಹೋವನು ನಿನ್ನನ್ನು ಆಶೀರ್ವದಿಸಲಿ ಎಂದು ಮರುನುಡಿಯುತ್ತಾರೆ (ರೂತಳು 2:4). ಅಲ್ಲಿ ಯಾಜಕನಿಲ್ಲ, ಯಜಮಾನನೂ ಆಳುಗಳೂ ಇದ್ದಾರೆ, ಅಷ್ಟೆ.

ಮೊದಲು ಕಲಿಯಬೇಕಾದದ್ದು ವಾಕ್ಯದ ರೂಪ. ‘ಕರ್ತನೇ, ಇವಳನ್ನು ಕಾಪಾಡು’ ಎಂಬುದು ದೇವರೊಡನೆ ಆಡುವ ಪ್ರಾರ್ಥನೆ. ‘ಕರ್ತನು ನಿನ್ನನ್ನು ಕಾಪಾಡುವನು’ ಎಂಬುದು ಭರವಸೆ. ‘ಕರ್ತನು ನಿನ್ನನ್ನು ಕಾಪಾಡಲಿ’ ಎಂಬುದೇ ಆಶೀರ್ವಾದ. ಅದರಲ್ಲಿ ಮಾತು ಎದುರಿಗಿರುವವರ ಕಡೆಗೆ ಹೋಗುತ್ತದೆ, ಕಾಪಾಡುವವನು ಮಾತ್ರ ದೇವರೇ. ಶಾಲೆಯಲ್ಲಿ ವಿಧ್ಯರ್ಥವೆಂದು ಕಲಿತ ಆ ‘ಅಲಿ’ ಪ್ರತ್ಯಯವು ಇಷ್ಟೊಂದು ನಂಬಿಕೆಯನ್ನೂ ವಿನಯವನ್ನೂ ಒಟ್ಟಿಗೆ ಹೊರಬಲ್ಲದು. ಇಸ್ರಾಯೇಲ್ಯರ ಮೊದಲ ಮಹಾಯಾಜಕನಾದ ಆರೋನನ ಆಶೀರ್ವಾದವೂ (ಅರಣ್ಯಕಾಂಡ 6:24-26) ಇದೇ ರೂಪದ್ದು: ಇಬ್ರಿಯ ಭಾಷೆಯಲ್ಲಿ 3, 5, 7 ಪದಗಳಾಗಿ ಬೆಳೆಯುವ ಮೂರೇ ವಾಕ್ಯಗಳು. ಯೆರೂಸಲೇಮಿನ ಒಂದು ಸಮಾಧಿಗುಹೆಯಲ್ಲಿ 1979ರಲ್ಲಿ ದೊರೆತ, ಸುಮಾರು 2,600 ವರ್ಷ ಹಳೆಯ ಎರಡು ಪುಟ್ಟ ಬೆಳ್ಳಿ ಸುರುಳಿಗಳ ಮೇಲೆ ಈ ಮಾತುಗಳನ್ನು ಕೊರೆಯಲಾಗಿತ್ತು. ದೇವಾಲಯದಲ್ಲಿ ಕೇಳಿದ್ದನ್ನು ಜನರು ಅಂದೇ ತಮ್ಮ ಜೊತೆಗೆ ಇಟ್ಟುಕೊಂಡಿದ್ದರು.

ಆರೋನನ ಆಶೀರ್ವಾದದ ಮರುವಚನದಲ್ಲಿ, ಯಾಜಕರು ತನ್ನ ಹೆಸರನ್ನು ಜನರ ಮೇಲೆ ಉಚ್ಚರಿಸುವರೆಂದೂ ಆಶೀರ್ವದಿಸುವವನು ತಾನೇ ಎಂದೂ ದೇವರು ಹೇಳುತ್ತಾನೆ. ಆದುದರಿಂದ ‘ನಿನಗೆ ಐಶ್ವರ್ಯವನ್ನು ಘೋಷಿಸುತ್ತೇನೆ’ ಎಂಬಂತಹ ಮಾತುಗಳನ್ನು ನಾನು ಒಪ್ಪಲಾರೆ. ಕರ್ತೃಸ್ಥಾನದಲ್ಲಿ ‘ನಾನು’ ಬಂದು ಕುಳಿತ ಕೂಡಲೇ ಆಶೀರ್ವಾದವು ಮಂತ್ರವಾಗುತ್ತದೆ.

ರೂಪ ಕೈಗೆ ಬಂದ ಮೇಲೆ ಆ ವ್ಯಕ್ತಿಯನ್ನು ಗಮನಿಸಿರಿ. ಯಾಕೋಬನು ತನ್ನ ಮಕ್ಕಳಲ್ಲಿ ಒಬ್ಬೊಬ್ಬನಿಗೆ ತಕ್ಕ ಆಶೀರ್ವಾದವನ್ನು ನುಡಿದನು (ಆದಿಕಾಂಡ 49:28). ಗಣಿತದ ಪರೀಕ್ಷೆಗೆ ಹೆದರಿರುವ ಮಗಳಿಗೆ ‘ಮೊದಲ ರ‍್ಯಾಂಕ್ ಬರಲಿ’ ಎನ್ನುವುದು ನಮ್ಮ ಆಸೆ. ‘ಕರ್ತನು ನಿನ್ನ ಭಯವನ್ನು ತೆಗೆಯಲಿ, ಕಲಿತದ್ದನ್ನು ನೆನಪಿಗೆ ತರಲಿ’ ಎನ್ನುವುದು ಅವಳಿಗೆ ಬೇಕಾದದ್ದು. ಹೆಸರು ಹಿಡಿದು ಕರೆಯಿರಿ, ಚಿಕ್ಕವರಾದರೆ ಯೇಸು ಮಾಡಿದಂತೆ ಅಪ್ಪಿಕೊಂಡು ಕೈಯಿಡಿರಿ (ಮಾರ್ಕ 10:16). ಮೀಸೆ ಮೂಡುತ್ತಿರುವ ಮಗನು ಮುಜುಗರಪಟ್ಟರೆ ಬಾಗಿಲಲ್ಲಿ ಒಂದೇ ವಾಕ್ಯ ಸಾಕು. ಹಾಸ್ಟೆಲ್‌ನಲ್ಲಿರುವವರಿಗೆ ಫೋನ್ ಇಡುವ ಮುನ್ನ ಹೇಳಬಹುದು.

ಹಿರಿಯರನ್ನು ಕಿರಿಯರು ಆಶೀರ್ವದಿಸುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿಲ್ಲ. ಆದರೂ ಬರಗಾಲದಲ್ಲಿ ಆಶ್ರಯ ಅರಸಿ ಬಂದ ಯಾಕೋಬನು ಐಗುಪ್ತದ ಅರಸನಾದ ಫರೋಹನನ್ನೇ ಆಶೀರ್ವದಿಸಿದನು (ಆದಿಕಾಂಡ 47:7). ‘ಅಮ್ಮಾ, ಈ ರಾತ್ರಿ ದೇವರು ನಿಮಗೆ ನೆಮ್ಮದಿಯ ನಿದ್ದೆ ಕೊಡಲಿ’ ಎಂದರೆ ಗೌರವಕ್ಕೆ ಕುಂದಿಲ್ಲ.

ಒಂದೇ ಬಾಯಿಂದ ಸ್ತುತಿಯೂ ಶಾಪವೂ ಬರುವುದು ಸಲ್ಲದೆಂದು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ (3:10; ಈತನು ಬೇರೆ ಯಾಕೋಬನು). ಬೆಳಿಗ್ಗೆ ‘ನೀನು ಉದ್ಧಾರವಾಗುವುದಿಲ್ಲ’ ಎಂದು ಸಿಡುಕಿದ್ದರೆ, ರಾತ್ರಿ ಮೊದಲು ಕ್ಷಮೆ ಕೇಳಿ, ಬಳಿಕ ಆಶೀರ್ವದಿಸಿರಿ. ತನಗೆ ಸಲ್ಲಬೇಕಾದ ಆಶೀರ್ವಾದವು ತಮ್ಮನಾದ ಯಾಕೋಬನ ಪಾಲಾದಾಗ, ಅಪ್ಪಾ, ನನ್ನನ್ನೂ ಆಶೀರ್ವದಿಸು ಎಂದು ಏಸಾವನು ಗೋಳಾಡಿದ್ದನ್ನು (ಆದಿಕಾಂಡ 27:34) ಓದುವಾಗಲೆಲ್ಲ, ಬಾಯಿಬಿಟ್ಟು ಕೇಳದ ಮಕ್ಕಳು ನನಗೆ ನೆನಪಾಗುತ್ತಾರೆ.

ಎಲ್ಲಕ್ಕಿಂತ ಕಷ್ಟವಾದದ್ದು ಹಿಂಸಿಸಿದವರನ್ನು ಆಶೀರ್ವದಿಸುವುದು (ರೋಮಾಪುರದವರಿಗೆ 12:14). ಅಲ್ಲಿ ಪೌಲನು ಬಳಸಿದ ಗ್ರೀಕ್ ಪದದ ಮೂಲಾರ್ಥ ಒಳ್ಳೆಯದನ್ನು ನುಡಿಯುವುದು. ಆದರೆ ನಡೆದ ಅನ್ಯಾಯವನ್ನು ಮುಚ್ಚಿಡಬೇಕೆಂದಾಗಲಿ, ಅವರೆದುರಿಗೆ ಹೋಗಿ ನಿಲ್ಲಬೇಕೆಂದಾಗಲಿ ಇದರ ಅರ್ಥವಲ್ಲ. ಒಬ್ಬರೇ ಕುಳಿತು, ಅವರ ಹೆಸರನ್ನು ಬಾಯಿಬಿಟ್ಟು ಹೇಳಿ ಆರಂಭಿಸಿರಿ. ಗಂಟಲು ಕಟ್ಟಿದರೆ ಆ ದಿನ ಹೆಸರಿಗೇ ನಿಲ್ಲಿಸಿರಿ; ಕ್ರಿಯಾಪದವನ್ನು ಮರುದಿನ ಸೇರಿಸಬಹುದು.