ಹಾಲಿನ ವ್ಯಾನ್ ಬರೋ ಹೊತ್ತಿಗೆ ನನ್ನ ಹಾಕಿ ತಂಡ

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಹಾಲಿನ ಬೂತ್ ಇದೆ. ಬೆಳಗ್ಗೆ ನಾಲ್ಕೂವರೆಗೆ ಶಟರ್ ಎತ್ತುತ್ತೇನೆ, ಐದರ ಸುಮಾರಿಗೆ ವ್ಯಾನ್ ಬರುತ್ತದೆ. ಚಳಿಗಾಲದಲ್ಲಿ ನ್ಯೂಯಾರ್ಕ್ ಕಡೆ ಸಂಜೆ ಏಳಕ್ಕೆ ಶುರುವಾಗುವ ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಲೀಗಿನ ಐಸ್ ಹಾಕಿ ಪಂದ್ಯ ನಮಗೆ ಬೆಳಗಿನ ಐದೂವರೆಗೆ. ಹೇಗೂ ಎದ್ದಿರುತ್ತೇನಲ್ಲ, ಹಾಗೇ ಈ ಆಟ ನನಗೆ ಅಂಟಿಕೊಂಡಿತು.

ಹಚ್ಚಿದವನು ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗ. ಅವನು ಅಲ್ಲಿ ಡ್ರಾಫ್ಟ್‌ಕಿಂಗ್ಸ್ ಅನ್ನುವ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಫ್ಯಾಂಟಸಿ ಹಾಕಿ ಆಡುತ್ತಾನೆ. ಅವತ್ತು ಆಡುವ ನಿಜವಾದ ಆಟಗಾರರನ್ನು ಆರಿಸಿ ನಮ್ಮದೊಂದು ತಂಡ ಕಟ್ಟುವುದು, ಅವರು ಪಂದ್ಯದಲ್ಲಿ ಮಾಡಿದ್ದಕ್ಕೆ ನಮಗೆ ಪಾಯಿಂಟ್. ನಮ್ಮ ದೇಶದಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ನಿಷೇಧಿಸಿದೆ. ನಮಗೂ ದುಡ್ಡಿನ ಆಟ ಬೇಡ. ಅವನು ಆಯಾ ದಿನದ ಆಟಗಾರರ ಬೆಲೆಪಟ್ಟಿ ಕಳಿಸುತ್ತಾನೆ. ನಾವು ಹನ್ನೊಂದು ಜನ ವಾಟ್ಸಾಪ್‌ನಲ್ಲಿ ತಂಡ ಹಾಕುತ್ತೇವೆ. ಲೆಕ್ಕವೆಲ್ಲ ನನ್ನ ಹಾಲಿನ ಪುಸ್ತಕದ ಹಿಂದಿನ ಹಾಳೆಗಳಲ್ಲಿ. ತಿಂಗಳ ಕೊನೆಗೆ ಗೆದ್ದವರಿಗೆ ಉಳಿದವರು ಮಸಾಲೆ ದೋಸೆ ಕೊಡಿಸುತ್ತಾರೆ.

ನಿಯಮ ಅಲ್ಲಿಯದ್ದೇ. 50,000 ಡಾಲರ್‌ನ ಬರೀ ಲೆಕ್ಕದ ದುಡ್ಡಿನೊಳಗೆ ಒಂಬತ್ತು ಜನ ಬೇಕು. ಇಬ್ಬರು ಸೆಂಟರ್, ಮೂವರು ವಿಂಗರ್, ಇಬ್ಬರು ಡಿಫೆನ್ಸ್, ಒಬ್ಬ ಗೋಲ್‌ಕೀಪರ್. ಒಂಬತ್ತನೆಯವನು ಕೀಪರ್ ಬಿಟ್ಟು ಯಾರಾದರೂ ಆಗಬಹುದು. ಗೋಲಿಗೆ 8.5, ಗೋಲಿಗೆ ಪಾಸ್ ಕೊಟ್ಟಿದ್ದಕ್ಕೆ (ಅಸಿಸ್ಟ್) 5, ಗೋಲಿನತ್ತ ನೇರ ಹೊಡೆದ ಪ್ರತಿ ಶಾಟ್‌ಗೆ 1.5 ಪಾಯಿಂಟ್.

ಮೊದಲ ಎರಡು ತಿಂಗಳು ನಾನು ದೊಡ್ಡ ಹೆಸರುಗಳನ್ನೇ ಹುಡುಕಿದೆ. ಈ ತಂಡದಿಂದ ಒಬ್ಬ, ಆ ತಂಡದಿಂದ ಒಬ್ಬ. ದಿನಾ ಆರನೆಯವನೋ ಏಳನೆಯವನೋ ಆಗುತ್ತಿದ್ದೆ. ಕುಕ್ಕರಹಳ್ಳಿ ಕೆರೆ ಸುತ್ತಿಕೊಂಡು ಹಾಲಿಗೆ ಬರುವ ಕೊಡಗಿನ ಹಿರಿಯರೊಬ್ಬರಿದ್ದಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಅಂದರೆ ಅವರಿಗೆ ಪ್ರಾಣ. ನನ್ನ ಫೋನ್ ಇಣುಕಿ ನೋಡಿ, "ಹೊಡೆದವನನ್ನು ಎಲ್ಲರೂ ನೋಡ್ತಾರೆ ಕಣಪ್ಪಾ, ಅವನಿಗೆ ಕೊಟ್ಟವನು ಯಾರು ನೋಡು" ಅಂದರು. ಅವತ್ತು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಳೆಯ ಹಾಳೆಗಳನ್ನೆಲ್ಲ ತಿರುವಿದೆ. ಗೆದ್ದ ಪಟ್ಟಿಗಳಲ್ಲಿ ಹೆಚ್ಚಿನವುಗಳಲ್ಲಿ ಒಂದೇ ತಂಡದ ಮೂವರಿದ್ದರು.

ಕಾರಣ ಸುಲಭ. ಐಸ್ ಹಾಕಿಯಲ್ಲಿ ಒಂದು ಗೋಲಿಗೆ ಇಬ್ಬರವರೆಗೆ ಅಸಿಸ್ಟ್ ಸಿಗುತ್ತದೆ. ಒಂದು ಸಾಲಿನ ಮೂವರು ಫಾರ್ವರ್ಡ್‌ಗಳು, ಅಂದರೆ ಒಬ್ಬ ಸೆಂಟರ್ ಮತ್ತು ಇಬ್ಬರು ವಿಂಗರ್, ಒಂದೇ ನೊಗಕ್ಕೆ ಕಟ್ಟಿದವರ ಹಾಗೆ ಒಟ್ಟಿಗೆ ಇಳಿಯುತ್ತಾರೆ, ಮುಕ್ಕಾಲು ನಿಮಿಷ ಆಡಿ ಒಟ್ಟಿಗೆ ಹೊರಬರುತ್ತಾರೆ. ಆ ಮೂವರೇ ಸೇರಿ ಗೋಲು ಮಾಡಿದರೆ 8.5, 5, ಮತ್ತೆ 5. ಜೊತೆಗೆ ಶಾಟ್‌ನ 1.5. ಒಂದೇ ಏಟಿಗೆ 20 ಪಾಯಿಂಟ್! ಕೆನಡಾದ ಎಡ್ಮಂಟನ್ ತಂಡದ ಕಾನರ್ ಮ್ಯಾಕ್‌ಡೇವಿಡ್ 2022-23ರಲ್ಲಿ 64 ಗೋಲು ಹೊಡೆದ, 89 ಅಸಿಸ್ಟ್ ಕೊಟ್ಟ. ಅಂದರೆ 89 ಸಲ ಅವನ ಜೊತೆಗಾರರಲ್ಲಿ ಯಾರೋ ಗೋಲು ಹೊಡೆದಿದ್ದಾರೆ. ಅವನೊಬ್ಬನನ್ನೇ ಇಟ್ಟುಕೊಂಡರೆ ಅರ್ಧ ಫಸಲು ಹೊಲದಲ್ಲೇ ಬಿಟ್ಟ ಹಾಗೆ.

ಪವರ್ ಪ್ಲೇ ಇನ್ನೂ ಮುಖ್ಯ. ಎದುರಾಳಿಯೊಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತಾಗ ಐವರ ಎದುರು ನಾಲ್ವರು. ಆಗ ತಂಡದ ಅತಿ ಚುರುಕಿನ ಐವರು ಇಳಿಯುತ್ತಾರೆ. ಅದೇ ವರ್ಷ ಎಡ್ಮಂಟನ್ ಇಂಥ ಅವಕಾಶಗಳಲ್ಲಿ ಶೇ. 32.4ರಷ್ಟನ್ನು ಗೋಲು ಮಾಡಿ ಲೀಗ್ ದಾಖಲೆ ಬರೆಯಿತು. ಆದ್ದರಿಂದ ಡಿಫೆನ್ಸ್‌ನವನನ್ನು ಆರಿಸುವಾಗ ನಾನು ಮೊದಲು ನೋಡುವುದು, ಅವನು ಮೊದಲ ಪವರ್ ಪ್ಲೇ ಗುಂಪಿನಲ್ಲಿದ್ದಾನಾ ಅಂತ.

ಇವರೆಲ್ಲ ದುಬಾರಿ ಅಲ್ವಾ? ಹೌದು. ಅದಕ್ಕೇ ರಾತ್ರಿ ಒಂಬತ್ತರ ನಂತರ ಫೋನ್ ಹಿಡಿಯಬೇಕು. ಅಲ್ಲಿ ಬೆಳಗಿನ ಅಭ್ಯಾಸ ನಡೆಯುವುದು ಆಗಲೇ. ಯಾರಿಗೆ ಗಾಯ, ಯಾರು ಯಾವ ಸಾಲಿಗೆ ಬಂದ ಅನ್ನುವುದು ಆಗ ಗೊತ್ತಾಗುತ್ತದೆ. ಮೂರನೇ ಸಾಲಿನ ಹುಡುಗ ಮೊದಲ ಸಾಲಿಗೆ ಬಂದಿರುತ್ತಾನೆ, ಬೆಲೆ ಮಾತ್ರ ಮೂರನೇ ಸಾಲಿನದ್ದೇ ಇರುತ್ತದೆ. ಪಟ್ಟಿ ಮೊದಲೇ ತಯಾರಾಗಿರುತ್ತದಲ್ಲ! ಅಂಥವನೊಬ್ಬ ಸಿಕ್ಕರೆ ಉಳಿದ ದುಡ್ಡಿನಲ್ಲಿ ಒಳ್ಳೆ ಕೀಪರ್ ಬರುತ್ತಾನೆ.

ಕೀಪರ್ ವಿಷಯದಲ್ಲಿ ನನಗೊಂದು ಪೆಟ್ಟು ಬಿದ್ದಿದೆ. ಗೆದ್ದರೆ 6, ತಡೆದ ಪ್ರತಿ ಶಾಟ್‌ಗೆ 0.7, ಬಿಟ್ಟ ಪ್ರತಿ ಗೋಲಿಗೆ 3.5 ಕಡಿತ. ಮೂವತ್ತು ತಡೆದು ಎರಡು ಬಿಟ್ಟು ಗೆದ್ದರೆ 20 ಪಾಯಿಂಟ್ ಕೈಗೆ. ಜನವರಿಯ ಒಂದು ಬೆಳಗ್ಗೆ ವ್ಯಾನ್ ತಡವಾಯಿತು, ಗಿರಾಕಿಗಳು ಸಾಲುಗಟ್ಟಿದ್ದರು, ನಾನು ಫೋನ್ ನೋಡಲೇ ಇಲ್ಲ. ನನ್ನ ಕೀಪರ್‌ನ ತಂಡಕ್ಕೆ ಅದು ಸತತ ಎರಡನೇ ದಿನದ ಪಂದ್ಯ. ಅವನನ್ನು ಕೂರಿಸಿ ಇನ್ನೊಬ್ಬನನ್ನು ಇಳಿಸಿದ್ದರು. ಕೀಪರ್ ಲೆಕ್ಕದಲ್ಲಿ ಸೊನ್ನೆ. ಆ ತಿಂಗಳು ಮೊದಲ ಜಾಗದಲ್ಲಿದ್ದೆ, ಅಲ್ಲೇ ಕೈತಪ್ಪಿತು. ತುಂಬ ಬೇಜಾರಾಯಿತು.

ಅವತ್ತೇ ಗಲ್ಲಾಪೆಟ್ಟಿಗೆಯ ಮೇಲೆ ಒಂದು ರಟ್ಟು ಅಂಟಿಸಿದೆ: "ಕೀಪರ್ ನೋಡಿದೆಯಾ?" ಈಗ ಐದಕ್ಕೆ ಕ್ರೇಟ್ ಇಳಿಸುತ್ತಲೇ ಫೋನನ್ನು ಮೊಸರಿನ ಕ್ರೇಟ್ ಮೇಲೆ ಇಟ್ಟಿರುತ್ತೇನೆ. ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಎರಡೂ ತಂಡ ವಾರ್ಮ್‌ಅಪ್‌ಗೆ ಬರುತ್ತವೆ. ಎಲ್ಲರಿಗಿಂತ ಮುಂದೆ ಐಸ್ ಮೇಲೆ ಕಾಲಿಡುವ ಕೀಪರ್ರೇ ಸಾಮಾನ್ಯವಾಗಿ ಆಡುವವನು. ನನ್ನ ಕೀಪರ್‌ಗೆ ಎದುರಾಡುವ ತಂಡದಿಂದ ಫಾರ್ವರ್ಡ್‌ಗಳನ್ನು ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದೇನೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗೆ ಅದು.

ಒಂಬತ್ತನೇ ಜಾಗವನ್ನು ಆದಷ್ಟು ತಡವಾಗಿ ಶುರುವಾಗುವ ಪಂದ್ಯದವನಿಗೆ ಇಡುತ್ತೇನೆ. ಪಂದ್ಯ ಶುರುವಾಗುವವರೆಗೆ ಆಟಗಾರನನ್ನು ಬದಲಿಸಬಹುದು ಅಂತ ನಮ್ಮಲ್ಲಿ ಒಪ್ಪಂದ. ಎಡ್ಮಂಟನ್‌ನಲ್ಲಿ ನಡೆಯುವ ಪಂದ್ಯ ಚಳಿಗಾಲದಲ್ಲಿ ಹೆಚ್ಚಾಗಿ ನಮ್ಮ ಏಳೂವರೆಗೆ. ಅಷ್ಟರಲ್ಲಿ ಬೂತ್‌ನಲ್ಲಿ ನೂಕುನುಗ್ಗಲು ಇಳಿದಿರುತ್ತದೆ, ಮೊದಲ ಪಂದ್ಯಗಳ ಪಾಯಿಂಟ್‌ಗಳೂ ಬಂದಿರುತ್ತವೆ. ಹಿಂದಿದ್ದರೆ ಯಾರೂ ಹಾಕದವನನ್ನು ಹಾಕುತ್ತೇನೆ, ಮುಂದಿದ್ದರೆ ಎರಡನೆಯವನ ಪಟ್ಟಿಯಲ್ಲಿ ಇರುವವನನ್ನೇ.